ಹೊರಗಿನ ಕೋಣೆ

ಶಾರ್ವರಿ ಎಂದರೆ ರಾತ್ರಿ ಎಂದು ಬಲ್ಲವರು ಹೇಳುತ್ತಾರೆ. ಆ ಹೆಸರಿನ ಸಂವತ್ಸರವು ನಮ್ಮ ಮನೆಯ ಬಾಗಿಲಿಗೆ ಬಂದದ್ದು 2020ರ ಮಾರ್ಚ್ 25, ಬುಧವಾರ. ಹಿಂದಿನ ರಾತ್ರಿ ಎಂಟು ಗಂಟೆಗೆ ಪ್ರಧಾನ ಮಂತ್ರಿಗಳು ದೂರದರ್ಶನದಲ್ಲಿ ಮಾತನಾಡಿ, ಇಪ್ಪತ್ತೊಂದು ದಿನ ಯಾರೂ ಮನೆಯ ಹೊಸ್ತಿಲು ದಾಟಬಾರದೆಂದು ತಿಳಿಸಿದ್ದರು. ಬೆಳಗ್ಗೆ ಎದ್ದು ಎಣ್ಣೆ ಹಚ್ಚಿಕೊಂಡು ಮಿಂದು ಬೇವು ಬೆಲ್ಲ ತಿಂದೆವು. ಮಾವಿನ ಎಲೆ ತರಲು ಪೇಟೆಗೆ ಹೋಗುವಂತಿರಲಿಲ್ಲ. ಹಿತ್ತಲಿನ ಬೇವಿನ ಎಲೆಯನ್ನೇ ತೋರಣ ಮಾಡಿ ಕಟ್ಟಿದೆವು. ಪಂಚಾಂಗ ಶ್ರವಣಕ್ಕೆ ಯಾವ ಗುಡಿಯೂ ತೆರೆದಿರಲಿಲ್ಲ. ಆ ವರ್ಷದ ಫಲವನ್ನು ಕೇಳದೆ ಹೋದದ್ದೇ ಒಳ್ಳೆಯದಾಯಿತೆಂದು ಈಗ ಅನಿಸುತ್ತದೆ.

ಈ ಬರಹದಲ್ಲಿ ನಾವು ಎಂದರೆ ಇಬ್ಬರು, ಗಂಡ ಹೆಂಡತಿ. ಬರೆಯುವ ಕೈ ಒಂದು, ನೆನಪು ಹೇಳುವ ಬಾಯಿ ಎರಡು. ಒಬ್ಬರನ್ನು ಬೇರೆಯಾಗಿ ಹೇಳಬೇಕಾದಲ್ಲಿ ಯಜಮಾನರು ಎಂದೂ ಮನೆಯಾಕೆ ಎಂದೂ ಬರೆದಿದ್ದೇವೆ. ಒಬ್ಬರಿಗೆ ಬಹುವಚನ, ಇನ್ನೊಬ್ಬರಿಗೆ ಏಕವಚನ ಏಕೆಂದು ಮಗಳು ಕೇಳಿದಳು. ರೂಢಿ ಎಂದು ಹೇಳಿ ಸುಮ್ಮನಾದೆವು. ಯಜಮಾನರು ಆದವಾನಿಯ ಒಂದು ಹತ್ತಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಆಗ ಅವರಿಗೆ ಅರವತ್ತೆರಡು ವರ್ಷ. ಮನೆಯಾಕೆ ಸಿರುಗುಪ್ಪದ ಕಡೆಯ ಹಳ್ಳಿಯಿಂದ 1984ರಲ್ಲಿ ಈ ಮನೆಗೆ ಸೊಸೆಯಾಗಿ ಬಂದವಳು. ಒಬ್ಬಳೇ ಮಗಳು, ಅವಳನ್ನು ಬಳ್ಳಾರಿಗೆ ಕೊಟ್ಟಿದ್ದೇವೆ.

ಬಳ್ಳಾರಿ ನಮಗೆ ಎಂದೂ ಪರಸ್ಥಳವೆನಿಸಿದ್ದಿಲ್ಲ. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದುವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಈ ಮೂರೂ ಅತ್ತ ಸೇರಿದುವು. ಬಳ್ಳಾರಿ ಮೈಸೂರಿಗೆ ಸೇರಿತು. ಈ ಸಂಗತಿ ನಮ್ಮ ಓದುಗರಿಗೆ ಹೊಸದಲ್ಲ. ಆದರೆ ಗೆರೆ ಬಿದ್ದ ಮೇಲೂ ಅರವತ್ತಾರು ವರ್ಷ ಅದು ನಕಾಶೆಯ ಮೇಲಿನ ಗೆರೆಯಾಗಿಯೇ ಇತ್ತು. ಹೆಣ್ಣು ಕೊಡುವುದು ತರುವುದು, ಸೀಮಂತ, ತಿಥಿ, ಕಣ್ಣಿನ ಡಾಕ್ಟರು, ಕನ್ನಡ ಪುಸ್ತಕ, ಎಲ್ಲಕ್ಕೂ ಬೆಳಗ್ಗೆ ಬಸ್ಸು ಹತ್ತಿ ಸಂಜೆಗೆ ಮರಳುತ್ತಿದ್ದೆವು. ಬಸ್ಸಿನ ನಾಮಫಲಕದ ಅಕ್ಷರ ಬದಲಾಗುವುದನ್ನು ಬಿಟ್ಟರೆ ಗಡಿ ಎಲ್ಲಿ ದಾಟಿತೆಂದು ಗೊತ್ತಾಗುತ್ತಿರಲಿಲ್ಲ. ಆ ಯುಗಾದಿಯ ಮರುದಿನದಿಂದ ಗೊತ್ತಾಯಿತು. ರಸ್ತೆಗೆ ಅಡ್ಡಲಾಗಿ ಮುಳ್ಳುಕಂಟಿ ಎಳೆದರು, ಕೆಲವೆಡೆ ಮಣ್ಣಿನ ದಿಬ್ಬ ಹಾಕಿದರು. ಮಗಳು ಏಳು ತಿಂಗಳ ಬಸುರಿ. ಹಬ್ಬ ಮುಗಿಸಿ ಆ ವಾರವೇ ಅವಳನ್ನು ಚೊಚ್ಚಲ ಹೆರಿಗೆಗೆಂದು ತವರಿಗೆ ಕರೆತರಬೇಕಾಗಿತ್ತು.

ಮೊದಲ ವಾರಗಳಲ್ಲಿ ನಮಗೆ ರೋಗಕ್ಕಿಂತ ಒಬ್ಬರಿಗೊಬ್ಬರು ಅಂಜುವ ಹಾಗಾಯಿತೆಂದರೆ ನಗಬಾರದು. ಮದುವೆಯಾಗಿ ಮೂವತ್ತಾರು ವರ್ಷ ಕಳೆದಿದ್ದರೂ ಬೆಳಗಿನ ಒಂಬತ್ತರಿಂದ ರಾತ್ರಿ ಎಂಟರವರೆಗೆ ನಾವು ಒಂದೇ ಸೂರಿನ ಕೆಳಗೆ ಇದ್ದ ದಿನಗಳನ್ನು ಬೆರಳ ಮೇಲೆ ಎಣಿಸಬಹುದಾಗಿತ್ತು. ಹತ್ತಿ ಮಾರುಕಟ್ಟೆ ಮುಚ್ಚಿತು. ಜಿನ್ನಿಂಗ್ ಕಾರ್ಖಾನೆಗಳ ಸದ್ದು ಅಡಗಿತು. ಗಾಡಿ, ಲಾರಿ, ಹಮಾಲರ ಕೂಗು ಇಲ್ಲದ ಆದವಾನಿಯನ್ನು ನಾವು ಕಂಡಿರಲಿಲ್ಲ. ಯಜಮಾನರು ಮನೆಯಲ್ಲಿ ಕುಳಿತು ಏನು ಮಾಡಬೇಕು? ಎಣ್ಣೆ ಎಷ್ಟು ಖರ್ಚಾಗುತ್ತದೆ, ಬೇಳೆಯ ಡಬ್ಬಿಯ ಮುಚ್ಚಳ ಏಕೆ ಸಡಿಲ, ಕೊಡದ ನೀರು ಏಕೆ ಮಧ್ಯಾಹ್ನಕ್ಕೇ ಮುಗಿಯಿತು ಎಂದು ಅಡುಗೆಮನೆಯನ್ನು ಅಂಗಡಿಯಂತೆ ತಪಾಸಣೆ ಮಾಡತೊಡಗಿದರು. ನಾಲ್ಕನೆಯ ದಿನ ಮನೆಯಾಕೆ ಲಟ್ಟಣಿಗೆಯನ್ನು ಅವರ ಕೈಗಿತ್ತು, "ನಿಮ್ಮ ಲೆಕ್ಕದ ಪುಸ್ತಕದಾಗ ನಾನು ಯಾವತ್ತಾದ್ರೂ ಕೈ ಹಾಕೀನೇನು?" ಎಂದು ಕೇಳಿದಳು. ಅಂದಿನಿಂದ ತಪಾಸಣೆ ನಿಂತಿತು. ತರಕಾರಿ ತರುವುದು ಯಜಮಾನರ ಪಾಲಿಗೆ ಬಂತು. ಬೆಳಗಿನ ಕೆಲವೇ ಗಂಟೆ ಪೇಟೆ ತೆರೆಯುತ್ತಿತ್ತು. ತಂದ ಬದನೆಕಾಯಿಯನ್ನು ಉಪ್ಪುನೀರಿನಲ್ಲಿ ಅದ್ದಿ, ಹಾಲಿನ ಪಾಕೀಟನ್ನು ಸಾಬೂನಿನಿಂದ ತೊಳೆದು, ನೋಟುಗಳನ್ನು ಬಿಸಿಲಿಗೆ ಹರಡಿ ಮೇಲೆ ಕಲ್ಲಿಡುತ್ತಿದ್ದೆವು. ಅದರಲ್ಲಿ ಅರ್ಧದಷ್ಟು ಬೇಕಾಗಿರಲಿಲ್ಲವೆಂದು ಆಮೇಲೆ ತಿಳಿಯಿತು. ಮಾರ್ಚ್ 28ರಿಂದ ದೂರದರ್ಶನದಲ್ಲಿ ಹಳೆಯ ರಾಮಾಯಣವನ್ನು ಮತ್ತೆ ತೋರಿಸಲಾರಂಭಿಸಿದರು. 1987ರಲ್ಲಿ ಅದನ್ನು ನೋಡಲು ನೆರೆಮನೆಯ ಪಡಸಾಲೆಯಲ್ಲಿ ನಲವತ್ತು ಜನ ಸೇರುತ್ತಿದ್ದೆವು. ಈ ಸಲ ಎರಡೇ ಕುರ್ಚಿ.

ನಮ್ಮ ಮನೆಯಲ್ಲಿ ಪಾತ್ರೆ ತೊಳೆಯಲು ಬರುತ್ತಿದ್ದ ಹೆಣ್ಣುಮಗಳ ಮಾತನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಕೋಸಿಗಿಯ ಕಡೆಯವಳು. ಸಂಕ್ರಾಂತಿಯ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಮಕ್ಕಳನ್ನು ಅಜ್ಜಿಯ ವಶಕ್ಕೆ ಬಿಟ್ಟು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಹೋಗಿದ್ದರು. ಹೀಗೆ ಹೋಗುವುದಕ್ಕೆ ನಮ್ಮ ಕಡೆ ಸುಗ್ಗಿಗೆ ಹೋಗುವುದು ಎನ್ನುತ್ತಾರೆ. ತೆಲುಗರೂ ಅದೇ ಮಾತನ್ನು ಬಳಸುತ್ತಾರೆ. ಕನ್ನಡದಲ್ಲಿ ಸುಗ್ಗಿಯೆಂದರೆ ಕಣ ತುಂಬುವ ಸಂತೋಷ. ಈ ಒಣ ಸೀಮೆಯಲ್ಲಿ ಅದರ ಅರ್ಥ ಊರು ಬಿಟ್ಟು ಪರರ ಕಣ ತುಂಬುವುದು. ಲಾಕ್‌ಡೌನ್ ಬಂದಾಗ ಅವರು ಹೊಲದ ಬದುವಿನ ಮೇಲಿನ ತಾಡಪತ್ರಿಯ ಗುಡಿಸಲಿನಲ್ಲಿ ಸಿಕ್ಕಿಬಿದ್ದರು. ಮನೆಯೊಳಗೇ ಇರಿ ಎಂದು ದಿನವೂ ಸಾರುತ್ತಿದ್ದ ಮಾತು ಅವರಿಗೆ ಹೇಗೆ ಕೇಳಿಸಿತೋ! ಮೇ ತಿಂಗಳಲ್ಲಿ ಊರು ಮುಟ್ಟಿದರು. ಊರ ಶಾಲೆಯಲ್ಲಿ ಹದಿನಾಲ್ಕು ದಿನ ಇಟ್ಟರು. ಮಕ್ಕಳು ಕಿಟಕಿಯ ಹೊರಗೆ ನಿಂತು ತಾಯಿಯನ್ನು ನೋಡಿ ಹೋಗುತ್ತಿದ್ದರು. ಫೋನಿನಲ್ಲಿ ಇದನ್ನೆಲ್ಲ ಹೇಳಿ ಅವಳು ಕೊನೆಗೆ ಕೇಳಿದ್ದು, "ಅಕ್ಕಾ, ಮಗಳಿಗೆ ಹೆರಿಗೆ ಆಯ್ತಾ?" ಎಂದು.

ಆಗಿತ್ತು. ಮೇ ಕೊನೆಯ ವಾರ, ಬಳ್ಳಾರಿಯಲ್ಲಿಯೇ, ಗಂಡುಮಗು. ಬಾಣಂತನವನ್ನು ಬೀಗಿತ್ತಿಯೇ ಮಾಡಿದರು. ಯಾವ ಕೊರತೆಯೂ ಇರಲಿಲ್ಲವೆಂದು ಮಗಳು ಹೇಳಿದಳು. ಆ ಮಾತಿನಿಂದ ಮನೆಯಾಕೆಗೆ ಸಮಾಧಾನವಾಯಿತೋ ದುಃಖವಾಯಿತೋ ಅವಳಿಗೇ ತಿಳಿಯಲಿಲ್ಲ. ಮಗುವಿಗೆ ಹಾಸಲು ತೊಳೆದು ಮೆತ್ತಗಾದ ಹಳೆಯ ಸೀರೆಗಳನ್ನು ಆರು ತಿಂಗಳಿಂದ ಕೂಡಿಟ್ಟಿದ್ದಳು. ಜನಕ್ಕೆ ಗಡಿ ಮುಚ್ಚಿದ್ದರೂ ಸರಕಿಗೆ ಮುಚ್ಚಿರಲಿಲ್ಲ. ಈರುಳ್ಳಿ ಲಾರಿಯ ಚಾಲಕನೊಬ್ಬನ ಕೈಯಲ್ಲಿ ಆ ಬಟ್ಟೆಯ ಗಂಟು, ಅಂಟಿನ ಉಂಡೆಯ ಡಬ್ಬಿ, ಒಂದು ಸೇರು ಕೊಬ್ಬರಿ ಕಳಿಸಿದೆವು. ಬಟ್ಟೆಯನ್ನು ಮೂರು ದಿನ ಬಿಸಿಲಿಗೆ ಹಾಕಿದ ಮೇಲೆಯೇ ಮಗುವಿನ ಹತ್ತಿರ ತಂದರಂತೆ. ಸರಿಯೇ. ಆದರೂ ಅಜ್ಜಿಯ ಸೀರೆ ಬಿಸಿಲಿನಲ್ಲಿ ಕಾಯಬೇಕಾಯಿತಲ್ಲ ಎಂದು ಮನೆಯಾಕೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಜೂನ್ ನಡುವಿನಲ್ಲಿ ಆಂಧ್ರದ ಬಸ್ಸುಗಳು ಕರ್ನಾಟಕಕ್ಕೆ ಮತ್ತೆ ಹೊರಟುವು. ಆದರೆ ಅತ್ತ ಹೋದವರು ಹೆಸರು ನೋಂದಾಯಿಸಬೇಕು, ಹದಿನಾಲ್ಕು ದಿನ ಮನೆಯಲ್ಲಿ ಪ್ರತ್ಯೇಕವಾಗಿರಬೇಕು. ನಮ್ಮ ಕರ್ನೂಲು ಜಿಲ್ಲೆಯ ಹೆಸರಂತೂ ಏಪ್ರಿಲ್ ತಿಂಗಳಲ್ಲೇ ಕೆಟ್ಟಿತ್ತು. ಆಂಧ್ರದ ಜಿಲ್ಲೆಗಳಲ್ಲೆಲ್ಲ ಇಲ್ಲಿಯ ಸೋಂಕಿತರ ಸಂಖ್ಯೆಯೇ ದೊಡ್ಡದಾಗಿತ್ತು. ಬಾಣಂತಿ ಇರುವ ಮನೆಗೆ ಆದವಾನಿಯಿಂದ ಹೋಗುವುದು ಸರಿಯಲ್ಲವೆಂದು ನಾವೇ ತಡೆದೆವು.

ಯಜಮಾನರ ಅಜ್ಜಿ ಪ್ಲೇಗಿನ ಕಾಲದ ಕಥೆ ಹೇಳುತ್ತಿದ್ದರು. 1896ರಲ್ಲಿ ಮುಂಬಯಿಗೆ ಬಂದ ಆ ಮಹಾಮಾರಿ ಬಳ್ಳಾರಿ ಸೀಮೆಗೂ ಕಾಲಿಟ್ಟಿತು. ಇಲಿ ಬಿದ್ದಿತೆಂದರೆ ಊರಿಗೆ ಊರೇ ಎದ್ದು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತಂತೆ. ಅಲ್ಲಿಯೇ ಅಡುಗೆ, ಅಲ್ಲಿಯೇ ಹೆರಿಗೆ. ಅಂದಿನ ಬೇನೆಗೆ ಮನೆ ಬಿಡುವುದು ಮದ್ದಾಗಿತ್ತು, ಇಂದಿನದಕ್ಕೆ ಮನೆ ಹಿಡಿಯುವುದು. ಆ ಪ್ಲೇಗಿಗೆಂದು 1897ರಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲಿಯೂ ಹಿಡಿದು ಆಡಳಿತ ನಡೆಸಿದರೆಂಬುದು ಗಮನಿಸತಕ್ಕ ವಿಷಯ.

ಆಗಸ್ಟ್ ತಿಂಗಳಲ್ಲಿ ಆಂಧ್ರದಲ್ಲಿ ದಿನಕ್ಕೆ ಒಂಬತ್ತು ಹತ್ತು ಸಾವಿರ ಜನಕ್ಕೆ ಸೋಂಕು ತಗಲುತ್ತಿತ್ತು. ಅಂಗಡಿ ತೆರೆದು ಕೆಲಸಕ್ಕೆ ಹೋಗತೊಡಗಿದ್ದ ಯಜಮಾನರು ಒಂದು ಸಂಜೆ ಒಗ್ಗರಣೆ ಮಂಡಾಳಿನ ಮುಂದೆ ಕುಳಿತು, "ಇಂಗು ಹಾಕಿಲ್ಲೇನು?" ಎಂದರು. ಮನೆಯಾಕೆ ಇಂಗಿನ ಡಬ್ಬಿಯನ್ನೇ ಅವರ ಮೂಗಿನ ಹತ್ತಿರ ಹಿಡಿದಳು. ವಾಸನೆಯಿಲ್ಲ. ಡಬ್ಬಿಯ ಮುಚ್ಚಳ ಹಾಕಿ, ಮಾತಾಡದೆ ಹೋಗಿ, ಹೊರಗಿನ ಕೋಣೆಯ ಕದ ತೆಗೆದು ಕಸ ಗುಡಿಸತೊಡಗಿದಳು. ಎರಡು ದಿನದ ಮೇಲೆ ಬಂದ ಪರೀಕ್ಷೆಯ ವರದಿಯೂ ಅದನ್ನೇ ಹೇಳಿತು. ಅವಳಿಗೆ ಸೋಂಕಿರಲಿಲ್ಲ. ಜ್ವರ ಹೆಚ್ಚಿರಲಿಲ್ಲವಾದ್ದರಿಂದ ಮನೆಯಲ್ಲಿಯೇ ಹತ್ತು ದಿನ ಪ್ರತ್ಯೇಕವಾಗಿರಲು ಹೇಳಿ ಮಾತ್ರೆಗಳನ್ನು ಕೊಟ್ಟರು. ಆಗ ಇದ್ದ ವಾರ್ಡಿನ ಸ್ವಯಂಸೇವಕ ಹುಡುಗ ದಿನವೂ ಬೀದಿಯಲ್ಲಿ ನಿಂತು, ಬೆರಳಿಗೆ ಹಾಕುವ ಯಂತ್ರದ ಅಂಕಿ ಕೇಳಿ ಬರೆದುಕೊಂಡು ಹೋಗುತ್ತಿದ್ದ. ತೊಂಬತ್ತನಾಲ್ಕಕ್ಕಿಂತ ಕೆಳಗಿಳಿದರೆ ಆಸ್ಪತ್ರೆ. ಒಂದು ರಾತ್ರಿ ತೊಂಬತ್ತನಾಲ್ಕರಲ್ಲೇ ನಿಂತಿತ್ತು. ಆ ರಾತ್ರಿ ಕದದ ಈಚೆಗೊಬ್ಬರು ಆಚೆಗೊಬ್ಬರು ಬೆಳಗಾಗುವವರೆಗೆ ಎಚ್ಚರವಿದ್ದೆವು. ಯಜಮಾನರನ್ನು ಬೋರಲಾಗಿ ಮಲಗಿಸಿ, ಅರ್ಧ ಗಂಟೆಗೊಮ್ಮೆ ಅಂಕಿ ಕೂಗಿ ಹೇಳಿಸುತ್ತಿದ್ದೆವು.

ಹೊರಗಿನ ಕೋಣೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಮನೆಗಳ ಓದುಗರಿಗೆ ಹೆಸರು ಕೇಳಿದರೇ ತಿಳಿದೀತು. ಪಡಸಾಲೆಗೆ ಹೊಂದಿ, ಆದರೆ ಒಳಮನೆಗೆ ದಾರಿಯಿಲ್ಲದೆ, ಹಿತ್ತಲ ಕಡೆಗೆ ಬಾಗಿಲಿರುವ ಸಣ್ಣ ಕೋಣೆ. ಮನೆಯ ಹೆಂಗಸರು ಹೊರಗಾದಾಗ, ಎಂದರೆ ಕಾಗೆ ಮುಟ್ಟಿದಾಗ, ಮೂರು ದಿನ ಅಲ್ಲಿ ಕೂರುವುದು. ನಾಲ್ಕನೆಯ ದಿನ ಮಿಂದು ಒಳಗೆ ಬರುವುದು. ಯಜಮಾನರ ತಾಯಿ ಮಡಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅವರು 2000ದಲ್ಲಿ ತೀರಿಕೊಂಡ ಮೇಲೆ ಆ ಪದ್ಧತಿಯನ್ನು ಯಾರೂ ಬಿಡಿಸದೆಯೇ ಅದು ಬಿಟ್ಟುಹೋಯಿತು. ಕೋಣೆಯಲ್ಲಿ ಜೋಳದ ಚೀಲ, ಹಳೆಯ ಸೈಕಲ್ಲು, ಕಟ್ಟಿಗೆ ತುಂಬಿದೆವು. ಅಟ್ಟದ ಮೇಲೆ ಒಂದು ಅಲ್ಯೂಮಿನಿಯಂ ತಟ್ಟೆ, ಒಂದು ಲೋಟ ಉಳಿದಿದ್ದುವು. ಹೊರಗಿನ ತಟ್ಟೆ ಎಂದೇ ಅದರ ಹೆಸರು. ಕೂತವರೇ ಅದನ್ನು ತೊಳೆದು ಬೋರಲು ಹಾಕಬೇಕು, ಬೇರೆಯವರು ಮುಟ್ಟುವಂತಿಲ್ಲ. ಆಗಸ್ಟಿನ ಆ ಸಂಜೆ ಮನೆಯಾಕೆ ಏಣಿ ಹಾಕಿ ಇಳಿಸಿದ್ದು ಅದನ್ನೇ. ಬೇಕೆಂದೇ ಇಳಿಸಿದೆಯಾ ಎಂದು ಆಮೇಲೆ ಯಜಮಾನರು ಕೇಳಿದ್ದುಂಟು. ಕೈಗೆ ಅದೇ ಸಿಕ್ಕಿತು ಎಂದಳು.

ಮೊದಲ ಮೂರು ದಿನ ಜ್ವರದಲ್ಲಿ ಕಳೆದುವು. ನಾಲ್ಕನೆಯ ದಿನ ಯಜಮಾನರಿಗೆ ಬೇಸರ ಆರಂಭವಾಯಿತು. ತಟ್ಟೆಯನ್ನು ಹೊಸ್ತಿಲ ಹೊರಗೆ ಇಡುವುದು, ರೊಟ್ಟಿಯನ್ನು ಮೇಲಿನಿಂದ ಹಾಕುವುದು, ಶೇಂಗಾ ಚಟ್ನಿಯನ್ನು ತಾಗದ ಹಾಗೆ ಬಡಿಸಿ ಹಿಂದೆ ಸರಿಯುವುದು. ಅವರು ಉಂಡು ತಾವೇ ತೊಳೆದು ಬೋರಲು ಹಾಕುವುದು. ಏಳನೆಯ ದಿನ ತಡೆಯಲಾರದೆ, "ನಾಯಿಗೆ ಹಾಕಿದಂಗ ಹಾಕ್ತೀಯಲ್ಲ" ಎಂದುಬಿಟ್ಟರು. ಮನೆಯಾಕೆ ರೊಟ್ಟಿಯ ಬುಟ್ಟಿ ಹಿಡಿದು ನಿಂತಲ್ಲಿಂದಲೇ, "ಏಳು ದಿನಕ್ಕ ಹಿಂಗಂದ್ರ ಹೆಂಗ? ನಾನು ಅಂದಿದ್ನೇನು?" ಎಂದು ಕೇಳಿ ಒಳಗೆ ಹೋದಳು. ಸಿಟ್ಟಿನಿಂದ ಅಂದ ಮಾತಲ್ಲ. ಅದಕ್ಕೇ ಅದು ಕೋಣೆಯೊಳಗೆ ಉಳಿಯಿತು.

ಲೆಕ್ಕ ಬರೆಯುವ ಮನುಷ್ಯನಿಗೆ ಲೆಕ್ಕವಲ್ಲದೆ ಬೇರೆ ದಾರಿ ತಿಳಿಯುವುದಿಲ್ಲ. ಅಂದು ಮಧ್ಯಾಹ್ನ ಯಜಮಾನರು ಮಾತ್ರೆಯ ಚೀಟಿಯ ಹಿಂಭಾಗದಲ್ಲಿ ಬರೆದರು. 1984ರಿಂದ 2000, ಹದಿನಾರು ವರ್ಷ. ವರ್ಷಕ್ಕೆ ಹನ್ನೆರಡು ಸಲ, ಸಲಕ್ಕೆ ಮೂರು ದಿನ: 576. ಮಗಳ ಬಸಿರು ಬಾಣಂತನಕ್ಕೆ ಒಂದೂವರೆ ವರ್ಷ ಕಳೆದರೆ 522. ವರ್ಷಗಟ್ಟಲೆಯಾಗಿ ಹೇಳಿದರೆ ಸುಮಾರು ಒಂದು ವರ್ಷ ಐದು ತಿಂಗಳು ಮನೆಯಾಕೆ ಆ ಕೋಣೆಯಲ್ಲಿದ್ದಳು. ಅಷ್ಟು ದಿನಗಳಲ್ಲಿ ಯಜಮಾನರು ಒಮ್ಮೆಯೂ ಆ ಬಾಗಿಲ ಬಳಿ ನಿಂತು ಊಟವಾಯಿತೇ ಎಂದು ಕೇಳಿದ ನೆನಪು ಇಬ್ಬರಿಗೂ ಇಲ್ಲ. ಕೇಳುವುದು ಗಂಡಸರ ರೂಢಿಯಾಗಿರಲಿಲ್ಲ ಎಂದು ಈಗ ಬರೆಯಬಹುದು. ಕೇಳಬಾರದೆಂದು ಯಾರೂ ಹೇಳಿರಲಿಲ್ಲ ಎಂಬುದನ್ನೂ ಬರೆಯಬೇಕಾಗುತ್ತದೆ. ರೋಗದ ದೂರಕ್ಕೆ ಕಾರಣವಿತ್ತು. ಕೆಮ್ಮಿದರೆ ಇನ್ನೊಬ್ಬರಿಗೆ ಅಂಟುತ್ತಿತ್ತು. ಆ ಹಳೆಯ ದೂರಕ್ಕೆ ಯಾವ ಕಾರಣವಿತ್ತೆಂದು ನಾವು ಹುಡುಕಿದೆವು, ಸಿಗಲಿಲ್ಲ.

ಇನ್ನೊಂದು ಸಂಗತಿ. ಕೋಣೆಯ ಮೂಲೆಯಲ್ಲಿ, ನೆಲಕ್ಕೆ ಒಂದು ಗೇಣು ಮೇಲೆ, ಸುಣ್ಣದ ಪದರದ ಕೆಳಗೆ ಯಾವುದೋ ಗೀರುಗಳು ಯಜಮಾನರ ಕಣ್ಣಿಗೆ ಬಿದ್ದುವು. ಚಾಪೆಯ ಮೇಲೆ ಮಲಗಿದವರಿಗೆ ಮಾತ್ರ ಕಾಣುವ ಎತ್ತರ. ಉಗುರಿನಿಂದ ಸುಣ್ಣ ಕೆರೆದು ನೋಡಿದರೆ ಅಕ್ಷರಗಳು. ಮೊಳೆಯಿಂದ ಕೊರೆದವು. ಎಡಗಡೆ ಕನ್ನಡದ ಕ, ಬಲಗಡೆ ತೆಲುಗಿನ ಕ. ಎಡಗಡೆ ನಮ್ಮ ತ, ಬಲಗಡೆ ಅವರ ತ. ಮನೆಯಾಕೆ ಸಿರುಗುಪ್ಪದ ಕಡೆಯಿಂದ ಬರುವಾಗ ಕನ್ನಡ ಬಿಟ್ಟು ಬೇರೆ ಅಕ್ಷರ ತಿಳಿಯದವಳು. ಇಲ್ಲಿ ರೇಷನ್ ಚೀಟಿ, ಬಸ್ಸಿನ ನಾಮಫಲಕ, ಔಷಧದ ಅಂಗಡಿ, ಕಚೇರಿಯ ಕಾಗದ ಎಲ್ಲ ತೆಲುಗು. ಅವಳು ಯಾವಾಗಲೋ ಓದಲು ಕಲಿತಳು; ಹೇಗೆ ಕಲಿತಳೆಂದು ಯಾರೂ ಕೇಳಿರಲಿಲ್ಲ. ಎರಡು ಲಿಪಿಗಳಲ್ಲಿ ಬಹುಪಾಲು ಅಕ್ಷರಗಳು ಅಕ್ಕತಂಗಿಯರಂತೆ. ತಲೆಕಟ್ಟು ಬೇರೆ, ಕೆಲವು ಅಕ್ಷರಗಳು ಮಾತ್ರ ಪೂರಾ ಬೇರೆ. ಆ ಬೇರೆಯಾದವನ್ನಷ್ಟೇ ಅವಳು ಗೋಡೆಯ ಮೇಲೆ ಕೊರೆದಿದ್ದಳು. ಔಷಧದ ಪೊಟ್ಟಣ ಕಟ್ಟಿ ಬಂದ ಪತ್ರಿಕೆಯ ಚೂರೇ ಅವಳ ಪಾಠಪುಸ್ತಕ. "ಮೂರು ದಿನ ಕೆಲಸಿಲ್ಲ, ಬೊಗಸಿಲ್ಲ. ಮತ್ತೇನು ಮಾಡಲಿ?" ಎಂದಳು. ಆ ಕೋಣೆಯಲ್ಲಿ ವಿಶ್ರಾಂತಿಯೂ ಸಿಗುತ್ತಿತ್ತು, ಅದನ್ನು ಸುಳ್ಳೆನ್ನುವುದಿಲ್ಲ ಎಂದೂ ಸೇರಿಸಿದಳು. ಆ ವಿಶ್ರಾಂತಿಯನ್ನು ಬೇರೆ ಕೋಣೆಯಲ್ಲಿ ಕೊಡಬಹುದಿತ್ತಲ್ಲ ಎಂಬುದು ಯಜಮಾನರ ಈಗಿನ ವಾದ. ಈ ಚರ್ಚೆ ನಮ್ಮಲ್ಲಿ ಮುಗಿದಿಲ್ಲ.

ಹನ್ನೊಂದನೆಯ ದಿನ ಯಜಮಾನರು ಮಿಂದು ಒಳಗೆ ಬಂದರು. ಇಂಗಿನ ವಾಸನೆ ಮರಳಲು ದಸರೆಯಾಯಿತು. ಆ ವರ್ಷ ನಿರ್ಬಂಧ ಹಾಕಿದ್ದರೂ ದೇವರಗಟ್ಟದ ಬನ್ನಿಯ ರಾತ್ರಿ ಬಡಿಗೆಗಳು ಸುಮ್ಮನಿರಲಿಲ್ಲವೆಂದು ಕೇಳಿದೆವು. ನಮ್ಮ ಜನಕ್ಕೆ ಹೇಳುವವರು ಯಾರು! ನವೆಂಬರ್ 20ರಿಂದ ತುಂಗಭದ್ರೆಗೆ ಪುಷ್ಕರ. ಹನ್ನೆರಡು ವರ್ಷಕ್ಕೊಮ್ಮೆ ಬರುವುದು. 2008ರಲ್ಲಿ ಮಂತ್ರಾಲಯದ ಘಟ್ಟದಲ್ಲಿ ಕೈಹಿಡಿದು ಮುಳುಗಿದ್ದೆವು. ಈ ಬಾರಿ ಹೊಳೆಯಲ್ಲಿ ಮುಳುಗಲು ಬಿಡಲಿಲ್ಲ. ದಡದಲ್ಲಿ ನಿಂತು ನೀರು ಪ್ರೋಕ್ಷಿಸಿಕೊಂಡು ಬಂದೆವು. ಡಿಸೆಂಬರಿನಲ್ಲಿ ಬಳ್ಳಾರಿಗೆ ಹೋದೆವು. ಆರು ತಿಂಗಳ ಮೊಮ್ಮಗ ಮುಖವಸ್ತ್ರ ಕಟ್ಟಿದ ನಮ್ಮಿಬ್ಬರನ್ನು ಕಂಡು ಚೀರಿ ಅತ್ತ. ಬಾಗಿಲಲ್ಲೇ ನಿಂತು ಮನೆಯಾಕೆ ಫೋನಿನಲ್ಲಿ ದಿನವೂ ಕರೆಯುತ್ತಿದ್ದ ಧಾಟಿಯಲ್ಲಿ ಒಮ್ಮೆ ಕರೆದಳು. ಅಳು ನಿಲ್ಲಿಸಿ, ಅವಳನ್ನು ಬಿಟ್ಟು, ಅವಳ ತಾಯಿಯ ಕೈಯಲ್ಲಿದ್ದ ಫೋನಿನ ಕಡೆ ನೋಡಿದ.

2021ರ ವಿಷಯವನ್ನು ಹೆಚ್ಚು ಬರೆಯಲಾರೆವು. ಯಜಮಾನರು ಮಾರ್ಚಿನಲ್ಲಿ, ಮನೆಯಾಕೆ ಏಪ್ರಿಲಿನಲ್ಲಿ ಮೊದಲ ಲಸಿಕೆ ಹಾಕಿಸಿಕೊಂಡಿದ್ದೆವು. ಎರಡನೆಯ ಅಲೆ ನಮ್ಮ ಓಣಿಯಲ್ಲಿಯೇ ಮೂವರನ್ನು ಒಯ್ದಿತು. ಮೇ 5ರಿಂದ ಆಂಧ್ರದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಕರ್ಫ್ಯೂ. ಅತ್ತ ಕರ್ನಾಟಕದಲ್ಲಿ ಏಪ್ರಿಲ್ ಕೊನೆಯಿಂದಲೇ ಎಲ್ಲ ಮುಚ್ಚಿತ್ತು. ಮೇ ನಡುವಿನ ಒಂದು ಬೆಳಗ್ಗೆ ಸಿರುಗುಪ್ಪದಿಂದ ಫೋನು ಬಂತು. ಮನೆಯಾಕೆಯ ಅಣ್ಣ. ತಂದೆಯಿಲ್ಲದ ಮನೆಯಲ್ಲಿ ಅವಳನ್ನು ಸಾಕಿ, ಧಾರೆ ಎರೆದು ಕೊಟ್ಟವರು. ಶವಸಂಸ್ಕಾರಕ್ಕೆ ಅಲ್ಲಿ ಐದೇ ಜನಕ್ಕೆ ಅವಕಾಶ. ಸಾವಿನ ಕಾರಣ ಹೇಳಿದ್ದರೆ ಗಡಿಯಲ್ಲಿ ಬಿಡುತ್ತಿದ್ದರೇನೋ. ನಾವು ಕೇಳಲೇ ಇಲ್ಲ. ಹೋಗುವುದು ಬೇಡ, ನಿನಗೇನಾದರೂ ಆದರೆ ಎಂದು ಯಜಮಾನರು ಬಾಗಿಲಿಗೆ ಅಡ್ಡ ನಿಂತರು. ಗಡಿ ಅಂದು ನಮ್ಮ ಹೊಸ್ತಿಲಲ್ಲಿತ್ತು. ಮನೆಯಾಕೆ ವಾದಿಸಲಿಲ್ಲ. ಹೊರಗಿನ ಕೋಣೆಗೆ ಹೋಗಿ ಕದ ಮುಚ್ಚಿಕೊಂಡು ಸಂಜೆಯವರೆಗೆ ಅಲ್ಲಿದ್ದಳು. ಈ ಸಲ ಯಜಮಾನರು ಬಾಗಿಲ ಬಳಿ ಹೋಗಿ ಊಟಕ್ಕೆ ಕರೆದರು. ಉತ್ತರ ಬರಲಿಲ್ಲ. ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಪಕ್ಕದಲ್ಲಿಯೇ ಕುಳಿತರು. ದೀಪ ಹಚ್ಚುವ ಹೊತ್ತಿಗೆ ಅವಳೇ ಎದ್ದು ಬಂದಳು.

ಜುಲೈಯಲ್ಲಿ ಸಿರುಗುಪ್ಪಕ್ಕೆ ಹೋಗಿ ಎರಡು ಗಂಟೆ ಕುಳಿತು ಬಂದೆವು. ಅತ್ತಿಗೆ ಅಣ್ಣನ ಕನ್ನಡಕವನ್ನು ಮನೆಯಾಕೆಯ ಕೈಗಿತ್ತರು. ಈಗ ಗಡಿಯಲ್ಲಿ ಯಾರೂ ತಡೆಯುವುದಿಲ್ಲ. ತಿಂಗಳಿಗೊಮ್ಮೆ ಬಳ್ಳಾರಿಗೂ ಸಿರುಗುಪ್ಪಕ್ಕೂ ಹೋಗಿ ಬರುತ್ತೇವೆ. ಹೊರಗಿನ ಕೋಣೆಗೆ ಎರಡು ವರ್ಷದ ಹಿಂದೆ ಸುಣ್ಣ ಹೊಡೆಸಿದೆವು. ಆ ಮೂಲೆಯ ಒಂದು ಗೇಣಿನಷ್ಟು ಜಾಗವನ್ನು ಬಿಟ್ಟು ಹೊಡೆಯುವಂತೆ ಯಜಮಾನರು ಆಳಿಗೆ ಹೇಳಿದರು. ರಜೆಯಲ್ಲಿ ಮೊಮ್ಮಗ ಬಂದಾಗ ಅವನ ಆಟದ ಸಾಮಾನುಗಳಿಗೆ ಅದೇ ಕೋಣೆ.

ಬರೆದದ್ದನ್ನೆಲ್ಲ ಓದಿ ಹೇಳಿದಾಗ ಮನೆಯಾಕೆ ಶೇಂಗಾ ಸುಲಿಯುತ್ತ ಕೇಳಿದಳು. ಕೋಣೆಯ ವಿಷಯ ಉದ್ದವಾಯಿತು, ಅಣ್ಣನ ವಿಷಯ ಕಡಮೆಯಾಯಿತು ಎಂದಳು. ತಿದ್ದಲೇ ಎಂದು ಯಜಮಾನರು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು, ಇರಲಿ ಬಿಡಿ ಎಂದಳು.